ದೊಡ್ಡವ್ವನಿಗೆ ಓದಿ ಹೇಳುವ ದನಿ

ಮದ್ದೂರಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು ಊರಿನದು, ಇನ್ನೊಂದು ನನ್ನದು. ಊರಿನದರಲ್ಲಿ ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಆಧಾರ್ ಕಾರ್ಡಿನ ಹಿಂದೆ ಮುಂದೆ ಎರಡೂ ಒಂದೇ ಹಾಳೆಗೆ ಬರುವಂತೆ ಪ್ರಿಂಟು ಹೊಡೆಯುವುದು ಇಂಥವೆಲ್ಲ ನಡೆಯುತ್ತವೆ. ನೆಟ್ಟು ಕೈಕೊಟ್ಟಾಗ, ಇಲ್ಲವೇ ಗಿರಾಕಿಗಳು ಕಾಫಿಗೆ ಎದ್ದುಹೋದಾಗ, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ನನ್ನದರ ಮುಂದೆ ಕೂರುತ್ತೇನೆ.

ಅದರ ಪರದೆ ಕಪ್ಪಗಿರುತ್ತದೆ. ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಓಡುತ್ತಿರುತ್ತವೆ. ಪಹಣಿಗೆ ಬಂದವರು ಕತ್ತು ಚಾಚಿ ನೋಡಿ, ಪಾಪ, ಕೆಟ್ಟುಹೋಯಿತಾ ಎಂದು ಕೇಳುತ್ತಾರೆ. ಕೆಟ್ಟಿಲ್ಲ, ಪೊಟ್ಟಣ ಕಟ್ಟುತ್ತಾ ಇದ್ದೀನಿ ಎನ್ನುತ್ತೇನೆ. ಇದೇ ಮಳಿಗೆಯಲ್ಲಿ ನಮ್ಮಪ್ಪ ದಿನಸಿ ಅಂಗಡಿ ಇಟ್ಟಿದ್ದರು. ಹಳಬರಿಗೆ ನಾನು ಈಗಲೂ ದಿನಸಿ ಅಂಗಡಿಯ ಮಗಳೇ. ಆದ್ದರಿಂದ ಅವರಿಗೆ ನನ್ನ ಉತ್ತರ ಸರಿಯಾಗಿಯೇ ಕೇಳಿಸುತ್ತದೆ, ಮುಂದೆ ಏನೂ ಕೇಳುವುದಿಲ್ಲ.

ವಿಷಯ ಇಷ್ಟೆ. ನನ್ನ ಕಂಪ್ಯೂಟರಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಯಾವ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಪ್ರಪಂಚದ ಎಲ್ಲೆಲ್ಲೋ ಕೂತವರು ಅದಕ್ಕೆಂದು ಸಣ್ಣಪುಟ್ಟ ಪ್ರೋಗ್ರಾಂ ಬರೆದು, ಬರೆದದ್ದನ್ನು ನೆಟ್ಟಿನ ಯಾವುದೋ ಮೂಲೆಯಲ್ಲಿಟ್ಟು ತಮ್ಮ ಪಾಡಿಗೆ ಹೋಗಿಬಿಡುತ್ತಾರೆ. ಅಂಥದ್ದನ್ನು ಹುಡುಕಿ ತಂದು, ಅದು ಓಡಬೇಕಾದರೆ ಜೊತೆಗೆ ಇನ್ನೇನು ಬೇಕು, ಯಾವ ಫೈಲು ಎಲ್ಲಿ ಕೂರಬೇಕು, ಬರೆದವರು ಯಾರು, ಹಂಚುವುದಕ್ಕೆ ಅವರ ಒಪ್ಪಿಗೆ ಇದೆಯೇ ಎಂದೆಲ್ಲ ನೋಡಿ, ಒಂದು ಪ್ಯಾಕೇಜು ಮಾಡಿ, ಎಲ್ಲರಿಗೂ ಸೇರಿದ ಉಗ್ರಾಣಕ್ಕೆ ಕಳಿಸುವುದು ನನ್ನಂಥವರ ಕೆಲಸ. ಆಮೇಲೆ ಬೇಕಾದವರು ಒಂದು ಗುಂಡಿ ಒತ್ತಿದರೆ ಅದು ಅವರ ಕಂಪ್ಯೂಟರಿಗೆ ಬಂದು ಕೂರುತ್ತದೆ. ಇದಕ್ಕೆ ಸಂಬಳವಿಲ್ಲ. ಹೂವಿನ ಹಾರ, ಮೈಸೂರು ಪೇಟವಂತೂ ಇಲ್ಲವೇ ಇಲ್ಲ. ಆದರೂ ಒಂದು ಪ್ಯಾಕೇಜು ಉಗ್ರಾಣದ ಒಳಗೆ ಸೇರಿತು ಎಂಬ ಸುದ್ದಿ ಬಂದ ದಿನ ನಾನು ಅಂಗಡಿಗೆ ಬಂದವರಿಗೆಲ್ಲ ಕಾಫಿ ತರಿಸುತ್ತೇನೆ.

ನಾನು ಕಟ್ಟಿರುವುದೆಲ್ಲ ಚಿಲ್ಲರೆ ಸಾಮಾನೇ. ಹಳೇ ಕಾಲದ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡವನ್ನು ಈಗಿನದಕ್ಕೆ ತಿರುಗಿಸುವಂಥದ್ದು ಒಂದು. ಅರ್ಜಿಗೆ ಹಾಕುವ ಫೋಟೋವನ್ನು ಕೇಳಿದ ಅಳತೆಗೆ ಕುಗ್ಗಿಸುವಂಥದ್ದು ಇನ್ನೊಂದು. ಆದರೆ ನನ್ನ ಕೈಯಿಂದ ಹೋದ ಪೊಟ್ಟಣಗಳಲ್ಲಿ ನಾನು ಜಂಬ ಪಡುವುದು ಒಂದೇ ಒಂದರ ಬಗ್ಗೆ. ಅದನ್ನು ಕಟ್ಟಿಸಿದ್ದು ನನ್ನ ದೊಡ್ಡವ್ವ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಮಳವಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಈ ಊರಿನ ವೈರನ್ನು ಆ ಊರಿನ ತೂತಿಗೆ ಚುಚ್ಚಿ ಜನರನ್ನು ಮಾತಾಡಿಸುವುದು ಅವಳ ನೌಕರಿ. ಕೆಲಸದಲ್ಲಿದ್ದಾಗ ಅವಳ ಬಾಯಲ್ಲಿ ಹಕಾರ, ಶಕಾರ ಎಲ್ಲವೂ ಮಡಿಯುಟ್ಟುಕೊಂಡು ಬರುತ್ತಿದ್ದವಂತೆ. ಹೆಡ್‌ಫೋನು ತೆಗೆದಳೋ, ಅಪ್ಪಟ ಅಳ್ಳಿ ಮಾತು. ರಿಟೈರಾದ ಮೇಲೆ ಗ್ಲಾಕೋಮ ಬಂದು ಕಣ್ಣು ನಿಧಾನಕ್ಕೆ ಹೋಯಿತು. ಅವಳಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಕಣ್ಣು ಹೋದಾಗ ಅವಳು ಅತ್ತಿದ್ದು ಒಂದೇ ಸಲ, ಅದೂ ಅರ್ಧ ಓದಿದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು.

ಆಗ ಅವಳಿಗೆ ಒಂದು ಕಂಪ್ಯೂಟರ್ ಹೊಂದಿಸಿಕೊಟ್ಟವಳು ನಾನು. ಅದರಲ್ಲಿ ಬರಹವನ್ನು ದನಿ ಮಾಡಿ ಓದುವ ಕನ್ನಡದ ಸಣ್ಣ ಪ್ರೋಗ್ರಾಂ ಒಂದಿತ್ತು. ಯಾರೋ ಹೆಂಗಸಿನ ದನಿ. ಒಂದೊಂದು ಮಾತಿನ ತುಂಡಿಗೂ ಚೂರು ನಿಂತು, ಮುಂದಕ್ಕೆ ಹೋಗುತ್ತಿತ್ತು. ಪುಸ್ತಕಗಳನ್ನು ನಾನು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ, ಆ ಚಿತ್ರದಿಂದ ಅಕ್ಷರಗಳನ್ನು ಎಬ್ಬಿಸಿ, ತಪ್ಪು ತಿದ್ದಿ ಕೊಡುತ್ತಿದ್ದೆ. ದೊಡ್ಡವ್ವ ಬೆರಳಿನಲ್ಲಿ ಗುಂಡಿ ತಡಕುತ್ತಾ ಆ ದನಿಯ ಜೊತೆ ಸಂಸಾರ ಶುರು ಮಾಡಿದಳು. ತಡಿಯವ್ವ ಅನ್ನುವಳು, ಇನ್ನೊಂದ್ಸಲ ಅನ್ನುವಳು, ಕೊಲೆಯ ಜಾಗ ಬಂದರೆ ಬೇಕೆಂದೇ ನಿಲ್ಲಿಸಿ ಎದ್ದುಹೋಗಿ ಕಾಫಿ ಕುಡಿದು ಬರುವಳು. ಮನೆಯವರು ಓದಿ ಹೇಳಿದರೆ ಇದಾಗುತ್ತದೆಯೇ? ಅವಳ ಸೊಸೆ ಒಳ್ಳೆಯವಳು, ಕರೆದರೆ ಬಂದು ಓದುತ್ತಾಳೆ. ಆದರೆ ಅದೇ ಪುಟವನ್ನು ಮೂರನೇ ಸಲ ಓದು ಎಂದರೆ ಯಾರಾದರೂ ಉಸ್ಸಪ್ಪ ಅನ್ನದೆ ಇರುವುದಿಲ್ಲ. ಆ ಉಸ್ಸಪ್ಪ ಅನ್ನುವುದು ದೊಡ್ಡವ್ವನಿಗೆ ಆಗದು.

ಒಂದು ಬೆಳಿಗ್ಗೆ ಅವಳ ಫೋನು ಬಂತು. ಆ ಹುಡುಗಿ ಬಾಯಿ ಬಿಡುತ್ತಿಲ್ಲ ಎಂದಳು. ಕಾದಂಬರಿಯಲ್ಲಿ ಕೊನೆಯ ಎರಡು ಅಧ್ಯಾಯ ಉಳಿದಿದ್ದವಂತೆ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಗಂಟಲು ಸರಿಮಾಡಿಕೊಂಡಿದ್ದಾನೆ, ಆಗಲೇ ಕಂಪ್ಯೂಟರಿನಲ್ಲಿ ಏನೋ ಅಪ್‌ಡೇಟ್ ಆಗಿ ದನಿ ನಿಂತುಹೋಗಿದೆ.

ಮಳವಳ್ಳಿ ಬಸ್ಸು ಹತ್ತಿ ಹೋಗಿ ನೋಡಿದೆ. ಅವಳಿಗೆ ಹೊಸದು ಹೊಸದು ಬೇಗ ಸಿಗಲಿ ಎಂದು ಆಪರೇಟಿಂಗ್ ಸಿಸ್ಟಂನ ಮುಂದಿನ ಆವೃತ್ತಿಯ ಪರೀಕ್ಷಾ ಪ್ರತಿಯನ್ನು ನಾನೇ ಹಾಕಿಕೊಟ್ಟಿದ್ದೆ. ಹೊಸ ಆವೃತ್ತಿ ಹೊರಡುವ ಮುಂಚೆ ಉಗ್ರಾಣದವರು ಗುಡಿಸಿ ಸಾರಿಸುತ್ತಾರೆ. ನೋಡಿಕೊಳ್ಳುವವರಿಲ್ಲದ ಪ್ಯಾಕೇಜುಗಳನ್ನು ಆಚೆ ಹಾಕುತ್ತಾರೆ. ಈ ದನಿಯ ಪ್ಯಾಕೇಜು ಕಟ್ಟಿದ್ದಾತ ಯಾವತ್ತೋ ಕೈಬಿಟ್ಟಿದ್ದ, ಹಾಗಾಗಿ ಅಪ್‌ಡೇಟಿನ ಜೊತೆ ಅದು ಇವಳ ಕಂಪ್ಯೂಟರಿನಿಂದಲೂ ಹೋಗಿತ್ತು. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿತ್ತು. ಪ್ರೋಗ್ರಾಂ ಬರೆದವರು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬರೆದುಕೊಟ್ಟಿದ್ದರು, ಸರಿ. ಆದರೆ ದನಿ ಕೊಟ್ಟ ಆ ಹೆಂಗಸಿನ ಒಪ್ಪಿಗೆ ಎಲ್ಲೂ ಇರಲಿಲ್ಲ. ಒಪ್ಪಿಗೆ ಇಲ್ಲದ್ದು ಉಗ್ರಾಣದೊಳಗೆ ಇರುವ ಹಾಗಿಲ್ಲ. ಇನ್ನು ಕೆಲವೇ ವಾರಗಳಲ್ಲಿ ಬಾಗಿಲು ಹಾಕುತ್ತಾರೆ, ಆಮೇಲೆ ಆಚೆ ಉಳಿದದ್ದು ಇನ್ನೊಂದು ಆವೃತ್ತಿಯವರೆಗೆ, ಅಂದರೆ ಸುಮಾರು ಎರಡು ವರ್ಷ, ಆಚೆಯೇ.

ನನಗೆ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ. ಹಳೆಯ ಫೈಲುಗಳು ನೆಟ್ಟಿನಲ್ಲಿ ಇದ್ದವು. ಉಗ್ರಾಣದ ಗೊಡವೆಯೇ ಬೇಡ, ಇವಳ ಒಬ್ಬಳ ಕಂಪ್ಯೂಟರಿಗೆ ಕದ್ದುಮುಚ್ಚಿ ಹಾಕಿಕೊಟ್ಟರೆ ಯಾರು ಕೇಳುತ್ತಾರೆ? ಹಾಗೆಂದು ನಗುನಗುತ್ತಾ ಎಲ್ಲವನ್ನೂ ದೊಡ್ಡವ್ವನಿಗೆ ವಿವರಿಸಿದೆ. ಅದೇ ನಾನು ಮಾಡಿದ ಎಡವಟ್ಟು.

ದೊಡ್ಡವ್ವ ಗುಂಡಿಗಳ ಮೇಲಿಂದ ಕೈ ತೆಗೆದಳು. ಆಮೇಲೆ, "ಯಾರ್ದೋ ಎಣ್ಮಗಳ ದನಿ ಕಣ್ಮಗ. ಕೇಳ್ದೆ ಇಟ್ಕಳಾಕಾದದಾ? ಆ ಕಡೆಯೋರು ಊಂ ಅಂದ್ಮೇಲೇ ನಾನು ಲೈನ್ ಕೊಡ್ತಿದ್ದಿದ್ದು. ಅವ್ಳು ಊಂ ಅನ್ಲಿ. ಅಲ್ಲೀಗಂಟ ನಂಗೆ ಬ್ಯಾಡ," ಅಂದಳು.

ಇಷ್ಟು ದಿನ ಕೇಳಿದೆಯಲ್ಲ, ಅದೇನು ಎಂದೆ. ಗೊತ್ತಿರಲಿಲ್ಲ, ಈಗ ಗೊತ್ತಾಯ್ತು ಎಂದಳು. ಬೇರೆ ದನಿ ಹಾಕಿಕೊಟ್ಟೆ. ಅದು ಗಂಡಸಿನ ದನಿ, ಯಂತ್ರದ್ದು. ಎರಡು ಸಾಲು ಕೇಳಿ, ಇವನು ಡಬ್ಬದೊಳಗೆ ಕೂತು ಮಾತಾಡುತ್ತಾನೆ, ಇವನ ಕೈಲಿ ಕೊಲೆಗಾರನನ್ನು ಹಿಡಿಸುವುದು ಬೇಡ ಎಂದು ಮೂಗು ಮುರಿದಳು. ಸೊಸೆ ಕೊನೆಯ ಅಧ್ಯಾಯಗಳನ್ನು ಓದಿ ಹೇಳುತ್ತೇನೆಂದರೆ ಅದಕ್ಕೂ ಸುತಾರಾಂ ಒಪ್ಪಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನೀನು ಹಠಮಾರಿ ಎಂದು ಬೈದು ಬಸ್ಸು ಹತ್ತಿದೆ. ಅರ್ಧ ದಾರಿ ದಾಟುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಆ ಹೆಂಗಸನ್ನು ಎಲ್ಲಿ ಹುಡುಕುವುದು ಎಂಬ ಯೋಚನೆ ಶುರುವಾಗಿತ್ತು.

ಫೈಲುಗಳ ಜೊತೆಗಿದ್ದ ವಿವರಣೆಯಲ್ಲಿ ಇದ್ದದ್ದು ಇಷ್ಟೇ. ಮಂಡ್ಯದ ಕಡೆಯ ಎಂಜಿನಿಯರಿಂಗ್ ಹುಡುಗರು ಕೆಲವರು ಓದುವಾಗ ಮಾಡಿದ ಪ್ರಾಜೆಕ್ಟು ಅದು. ಅವರು ಕೊಟ್ಟಿದ್ದ ಇ-ಮೇಲ್‌ಗಳೆಲ್ಲ ಸತ್ತುಹೋಗಿದ್ದವು, ಬರೆದ ಪತ್ರಗಳು ಹಾಗೇ ವಾಪಸು ಬಂದವು. ಜೊತೆಗೆ ದನಿ ಕೊಟ್ಟವರು ಓದಿದ ವಾಕ್ಯಗಳ ಮೂಲ ರೆಕಾರ್ಡಿಂಗುಗಳು ಒಂದು ರಾಶಿ ಇದ್ದವು. ಒಂದೊಂದು ವಾಕ್ಯಕ್ಕೆ ಒಂದೊಂದು ಫೈಲು. ಪ್ಯಾಕೇಜು ಕಟ್ಟುವವರು ಯಾರೂ ಅವನ್ನು ಕೂತು ಕೇಳುವುದಿಲ್ಲ. ಎಲ್ಲ ಫೈಲೂ ಇವೆಯೇ, ಮುರಿದಿಲ್ಲವೇ ಎಂದು ನೋಡಿ ಮುಂದಕ್ಕೆ ಹೋಗುತ್ತೇವೆ.

ಆ ರಾಶಿಯ ಸುದ್ದಿ ಫೋನಿನಲ್ಲಿ ಹೇಳಿದ್ದೇ ತಡ, ದೊಡ್ಡವ್ವ ಅದನ್ನು ತಂದುಕೊಡು ಎಂದು ಗಂಟುಬಿದ್ದಳು. ಕೇಳದೆ ಕೇಳಿಸಿಕೊಳ್ಳುವುದು ತಪ್ಪಲ್ಲವೇ ಎಂದು ಚುಚ್ಚಿದೆ. ಇದು ಕೇಳುವುದಲ್ಲ, ಲೈನ್ ಟೆಸ್ಟಿಂಗು ಎಂದಳು. ಆಪರೇಟರ್ ಆದವಳು ಆ ಕಡೆ ಯಾರಿದ್ದಾರೆಂದು ತಿಳಿಯುವಷ್ಟು ಕೇಳಲೇಬೇಕಂತೆ. ಅವಳ ನ್ಯಾಯ ಅವಳಿಗೇ ಸರಿ. ರೆಕಾರ್ಡಿಂಗುಗಳನ್ನು ಹಾಕಿಕೊಟ್ಟು ಬಂದೆ.

ಮುಂದಿನ ಕೆಲವು ದಿನ ಅವಳ ಸೊಸೆ ಫೋನಿನಲ್ಲಿ ಗೋಳಾಡಿದಳು. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ "ರೈತನು ಹೊಲಕ್ಕೆ ಹೋದನು", "ನಾಳೆ ಮಳೆ ಬರಬಹುದು" ಎಂಬಂಥ ವಾಕ್ಯಗಳೇ. ದೊಡ್ಡವ್ವ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ದಿನಕ್ಕೊಂದು ಪತ್ತೆ ಮಾಡಿ ನನಗೆ ವರದಿ ಒಪ್ಪಿಸುತ್ತಿದ್ದಳು. ಆ ಹೆಂಗಸಿಗೆ ಆಗ ನಲವತ್ತರ ಮೇಲೆ ವಯಸ್ಸು. ಓದಿದ ಕೋಣೆಯಲ್ಲಿ ತಗಡಿನ ಸೂರು ಇದೆ. ಮಾತಿನ ತುಂಡಿಗೊಮ್ಮೆ ನಿಲ್ಲುತ್ತಾಳೆ, ಮಕ್ಕಳು ಬರೆದುಕೊಳ್ಳಲಿ ಎಂದು ಕಾಯುವ ಹಾಗೆ. ಆದ್ದರಿಂದ ಮೇಡಮ್ಮೇ ಇರಬೇಕು, ಉಕ್ತಲೇಖನ ಕೊಟ್ಟೂ ಕೊಟ್ಟೂ ಅಭ್ಯಾಸ. ಮಂಡ್ಯದ ಸುತ್ತ ಇರುವ ಅಷ್ಟೂ ಮೇಡಂಗಳನ್ನು ನಾನು ಹೋಗಿ ಮಾತಾಡಿಸಲೇನು ಎಂದು ರೇಗಿದೆ.

ಆಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಜನ ಮುತ್ತಿಕೊಂಡಿದ್ದಾಗಲೇ ಅವಳ ಫೋನು. ಮಾತಿಲ್ಲ ಕತೆಯಿಲ್ಲ, ಫೋನನ್ನು ಕಂಪ್ಯೂಟರಿನ ಸ್ಪೀಕರಿಗೆ ಹಿಡಿದಳು. ಆ ದನಿ ಅಚ್ಚುಕಟ್ಟಾಗಿ, "ಹಳ್ಳಿಯ ಹೊಳೆಯಲ್ಲಿ ಹೊಸ ನೀರು ಹರಿಯಿತು" ಎಂದು ಓದಿತು. ಹುಡುಗರು ರೆಕಾರ್ಡರ್ ನಿಲ್ಲಿಸುವುದನ್ನು ಮರೆತಿದ್ದರು. ಕುರ್ಚಿ ಸರಿದ ಸದ್ದು, ಒಂದು ನಿಟ್ಟುಸಿರು, ಆಮೇಲೆ ಅದೇ ದನಿ ಹಕಾರವನ್ನೆಲ್ಲ ಮೂಲೆಗಿಟ್ಟು, "ಸಾಕೇನಪ್ಪ ಇವತ್ಗೆ? ನಿಡಘಟ್ಟದ್ ಬಸ್ಸು ಒಂಟೋಯ್ತದೆ, ಬತ್ತೀನಿ," ಅಂದಿತು.

ನಾನು ಅಂಗಡಿಯಲ್ಲಿ ಇದ್ದಬದ್ದವರ ಮುಂದೆ ಕೂಗಿಬಿಟ್ಟೆ. ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದ ಯಜಮಾನರೊಬ್ಬರು ಬೆಚ್ಚಿಬಿದ್ದು, ಏನವ್ವ, ನಂದು ಪಾಸಾಯ್ತಾ ಎಂದು ಕೇಳಿದರು. ನಿಡಘಟ್ಟ ನಮ್ಮ ಮದ್ದೂರಿನ ಪಕ್ಕದ್ದೇ, ಬೆಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ.

ಭಾನುವಾರ ಹೊರಟೆವು. ದೊಡ್ಡವ್ವ ತಾನೂ ಬರುತ್ತೇನೆಂದು ಮಳವಳ್ಳಿಯಿಂದ ಮದ್ದೂರಿಗೆ ಮಗನ ಜೊತೆ ಬಂದಿಳಿದಿದ್ದಳು, ಒಳ್ಳೆಯ ಸೀರೆ ಉಟ್ಟು, ಮುಡಿಯಲ್ಲಿ ಮಲ್ಲಿಗೆ. ಹೈವೇ ಆದಮೇಲೆ ಯಾವ ಬಸ್ಸು ಊರೊಳಗೆ ನಿಲ್ಲುತ್ತದೆ ಎಂದು ಕೇಳಿಕೊಂಡೇ ಹತ್ತಬೇಕು. ಕೇಳಿಕೊಂಡು ಹತ್ತಿ, ನಿಡಘಟ್ಟದಲ್ಲಿಳಿದು, ಟೀ ಅಂಗಡಿಯ ಮುಂದೆ ನಿಂತು ಲ್ಯಾಪ್‌ಟಾಪ್ ತೆರೆದೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಇನ್ನೇನು ಮಾಡುವುದು? ಆ ಕೊನೆಯ ಮಾತನ್ನು ಹಾಕಿ ಕೇಳಿಸಿದೆ. ಬೆಂಚಿನ ಮೇಲೆ ಕೂತಿದ್ದವರು ಟೀ ಲೋಟ ಕೆಳಗಿಟ್ಟು ನಕ್ಕರು. ಅಯ್ಯೋ, ನಮ್ಮ ಬಸ್‌ಸ್ಟ್ಯಾಂಡಕ್ಕನಲ್ಲವೇ ಇದು ಎಂದರು.

ಮೇಡಂ ಅಲ್ಲ ಅವರು. ಮಂಡ್ಯದ ಬಸ್ ನಿಲ್ದಾಣದಲ್ಲಿ ಜಾಹೀರಾತಿನವರ ಕಡೆಯಿಂದ ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಮಗು ಯಾರ ಹತ್ತಿರ ಅಳುತ್ತಾ ನಿಂತಿದೆ, ಯಾವ ಅಂಗಡಿಯಲ್ಲಿ ಸೀರೆಗೆ ರಿಯಾಯಿತಿ ಎಲ್ಲವನ್ನೂ ಅವರೇ ಹೇಳುತ್ತಿದ್ದದ್ದು. ಮನೆ ಸಿಕ್ಕಿತು. ಅಂಗಳದಲ್ಲಿ ಹುರುಳಿ ಕೇರುತ್ತಾ ಕೂತಿದ್ದರು. ನಾನು ನಮಸ್ಕಾರ ಹೇಳಿ ನಾವು ಇಂಥವರು ಎಂದು ತೊದಲುತ್ತಿರುವಾಗ, ಅವರು ಒಳಗೆ ಬನ್ನಿ, ಊಟ ಆಯ್ತಾ ಎಂದರು ಅಷ್ಟೆ. ದೊಡ್ಡವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ವರ್ಷಗಟ್ಟಲೆ ದಿನವೂ ಕಿವಿಯಲ್ಲಿ ಕೇಳಿದ ದನಿ, ಎದುರಿಗೆ ನಿಂತು ಒಳಗೆ ಕರೆಯುತ್ತಿದೆ.

ಇಬ್ಬರನ್ನೂ ಕೂರಿಸಿ ಮಾತಿಗೆ ಬಿಟ್ಟಮೇಲೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಮಾತಿನ ನಡುವೆ ನಿಲ್ಲುವುದು ಯಾಕೆ ಎಂದು ದೊಡ್ಡವ್ವ ಮೊದಲು ಅದನ್ನೇ ಕೇಳಿದಳು. ನಿಲ್ದಾಣದ ನಾಲ್ಕು ಮೂಲೆಯ ಧ್ವನಿವರ್ಧಕದಿಂದ ಹೋದ ಮಾತು ಗೋಡೆಗೆ ಬಡಿದು ವಾಪಸು ಬರುತ್ತದಂತೆ. ಅದು ಅಡಗುವವರೆಗೆ ಕಾಯದಿದ್ದರೆ ಮದ್ದೂರು ಮಳವಳ್ಳಿ ಎರಡೂ ಕಲಸಿಹೋಗುತ್ತವಂತೆ. ದೊಡ್ಡವ್ವ ತನ್ನ ಉಕ್ತಲೇಖನದ ಪತ್ತೇದಾರಿಕೆಯನ್ನು ಹೇಳಿಕೊಂಡು ತಾನೇ ಹೊಟ್ಟೆ ಹಿಡಿದು ನಕ್ಕಳು. ಒಬ್ಬಳ ದನಿ ತಾಲ್ಲೂಕಿಗೆಲ್ಲ ಗೊತ್ತಿತ್ತು, ಇನ್ನೊಬ್ಬರದು ಜಿಲ್ಲೆಗೇ ಗೊತ್ತಿತ್ತು, ಮುಖ ಮಾತ್ರ ಇಬ್ಬರದೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿಕೊಂಡು ಇನ್ನೂ ನಕ್ಕರು. ದಿನಾ ಬಸ್ಸಿಗೆ ಬರುತ್ತಿದ್ದ ಕಾಲೇಜು ಹುಡುಗರು ದನಿ ಚೆನ್ನಾಗಿದೆ ಎಂದು ಕೇಳಿಕೊಂಡಿದ್ದರಂತೆ. ಕೆಲಸ ಮುಗಿಸಿ ಅವರ ರೂಮಿಗೆ ಹೋಗಿ ಓದಿಕೊಟ್ಟು ಬರುತ್ತಿದ್ದರಂತೆ. ಆಮೇಲೆ ಅದು ಏನಾಯಿತು ಎಂದು ಅವರಿಗೆ ಗೊತ್ತೇ ಇರಲಿಲ್ಲ.

ನಾನು ಲ್ಯಾಪ್‌ಟಾಪಿನಲ್ಲಿ ಆ ಕಾದಂಬರಿಯ ಮೊದಲ ಪುಟ ಹಾಕಿದೆ. ತಮ್ಮದೇ ದನಿ ತಾವೆಂದೂ ನೋಡದ ಪುಸ್ತಕ ಓದುವುದನ್ನು ಅವರು ಬಾಯಿ ತೆರೆದುಕೊಂಡು ಕೇಳಿದರು. ಅರ್ಧ ಪುಟಕ್ಕೆ ದೊಡ್ಡವ್ವ ಸಾಕು ಎಂದು ನಿಲ್ಲಿಸಿದಳು. ಒಪ್ಪಿಗೆ ಆಗಲಿ ಎಂದಳು.

ಒಪ್ಪಿಗೆಯ ಮಾತು ನಾನು ಆಡಬೇಕಿತ್ತು. ಆದರೆ ಊಟ ಆಗದೆ ಆ ಮನೆಯಲ್ಲಿ ಯಾವ ಮಾತಿಗೂ ಬೆಲೆ ಇರಲಿಲ್ಲ. ಮುದ್ದೆ, ಹುರುಳಿಕಾಳಿನ ಉಪ್ಸಾರು, ಖಾರ ಎಲ್ಲ ಮುಗಿದು ಎಲೆ ಅಡಿಕೆ ತಟ್ಟೆ ಬಂದಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಪ್ಪಿಗೆ ಕೊಟ್ಟರೆ ನಿಮ್ಮ ದನಿಯನ್ನು ಯಾವ ದೇಶದವರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಮಾರಲೂಬಹುದು. ಇಂಥವರಿಗೆ ಮಾತ್ರ, ಇಂಥದ್ದಕ್ಕೆ ಮಾತ್ರ ಎಂದು ಷರತ್ತು ಹಾಕುವಂತಿಲ್ಲ. ಕೊಟ್ಟಮೇಲೆ ವಾಪಸು ತೆಗೆದುಕೊಳ್ಳುವಂತೆಯೂ ಇಲ್ಲ.

"ಕೆಟ್ಟದ್ದು ಮಾತಾಡ್ಸಾಕೂ ಬಳಸ್ಬೋದಾ?" ಎಂದು ಕೇಳಿದರು.

ಬಳಸಬಹುದು ಎಂದೆ. ಸುಳ್ಳು ಹೇಳುವ ಆಸೆ ಬಂದಿತ್ತು, ಆದರೆ ಪಕ್ಕದಲ್ಲಿ ದೊಡ್ಡವ್ವ ಕೂತಿದ್ದಳು. ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಇನ್ನು ಮುಗಿಯಿತು ಅಂದುಕೊಂಡೆ. ದೊಡ್ಡವ್ವ ಒಂದು ಮಾತು ಒತ್ತಾಯ ಮಾಡಲಿಲ್ಲ. ಬೇಡ ಅನ್ನಿಸಿದರೆ ಬೇಡ ತಾಯಿ, ನೋಡಿದ್ದೇ ಸಂತೋಷ ಎಂದಳು.

ಅವರು ಎಲೆ ಮಡಿಸಿ ಅವಳ ಕೈಗಿಟ್ಟರು. "ಅಲ್ಲಕ್ಕ, ಬಸ್‌ಸ್ಟ್ಯಾಂಡಲ್ಲಿ ಕೂಗ್ದಾಗ ಯಾರ್ ಕೇಳುಸ್ಕತಾರೆ ಅಂತ ನೋಡ್ತಿದ್ನಾ? ಕಳ್ಳನೂ ಕೇಳುಸ್ಕಂಡ, ಬಾಣಂತಿನೂ ಕೇಳುಸ್ಕಂಡ್ಲು, ಇಬ್ರೂ ಅವ್ರವ್ರ ಬಸ್ಸು ಅತ್ಕಂಡು ಓದ್ರು. ಕೊಡ್ತೀನಿ ಬುಡು."

ನಾನು ಅವರ ಮುಖವನ್ನೇ ನೋಡುತ್ತಾ ಕೂತೆ. ದೊಡ್ಡವ್ವ ಕೆಲಸದ ಕಾಲದ ಮಡಿ ಕನ್ನಡದಲ್ಲಿ, "ಲೈನ್ ಸಿಕ್ಕಿದೆ, ಮಾತಾಡಿ," ಎಂದು ನನ್ನ ತೊಡೆ ತಟ್ಟಿದಳು. ಒಪ್ಪಿಗೆಯ ಒಕ್ಕಣೆಯನ್ನು ಅಲ್ಲೇ ಕೂತು ಟೈಪು ಮಾಡಿದೆ. ಅವರು ಎರಡೆರಡು ಸಲ ಓದಿ, ಒಂದು ಕಡೆ ತಿದ್ದಿಸಿ, ತಮ್ಮ ಫೋನಿನಿಂದಲೇ ಕಳಿಸಿದರು.

ಇನ್ನು ಉಳಿದದ್ದು ನನ್ನ ಕೆಲಸ. ಬಾಗಿಲು ಹಾಕಲು ಹೆಚ್ಚು ದಿನ ಇರಲಿಲ್ಲ. ಅಂಗಡಿಯಲ್ಲಿ ಬೆಳಿಗ್ಗೆ ಬೇಗ ಬಂದು ಕೂತು, ಹಳೆಯ ಪೊಟ್ಟಣವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆ. ಪ್ಯಾಕೇಜಿನ ಜೊತೆ ಒಂದು ಪರೀಕ್ಷೆಯನ್ನೂ ಇಡಬೇಕು, ಒಳಗಿನ ಸಾಮಾನು ಕೆಲಸ ಮಾಡುತ್ತದೆಯೇ ಎಂದು ಉಗ್ರಾಣದ ಯಂತ್ರಗಳು ತಾವೇ ನಡೆಸಿ ನೋಡುವಂಥದ್ದು. ಪರೀಕ್ಷೆಯ ವಾಕ್ಯ ಏನಿರಲಿ ಎಂದು ನಾನು ಯೋಚನೆಯನ್ನೇ ಮಾಡಲಿಲ್ಲ. ನಿಡಘಟ್ಟದ ಮನೆಯಲ್ಲಿ ಕಾಲಿಟ್ಟ ಕೂಡಲೇ ಕೇಳಿದ ಮಾತು ಕಿವಿಯಲ್ಲಿತ್ತು. "ಊಟ ಆಯ್ತಾ?" ಎಂದು ಹಾಕಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ನಡೆಸಿದರೆ ಅದು ಗಟ್ಟಿಯಾಗಿ ಕೇಳಿತು, ಜೆರಾಕ್ಸಿಗೆ ನಿಂತಿದ್ದವರು ಆಯ್ತು ಕಣಮ್ಮ ಎಂದರು. ಪರೀಕ್ಷೆ ಪಾಸು. ಖುಷಿಯಲ್ಲಿ ಕಳಿಸಿಬಿಟ್ಟೆ.

ಮಾರನೇ ದಿನ ನೋಡಿದರೆ ಅದು ಎಲ್ಲ ಕಡೆಯೂ ಫೇಲು. ಪರದೆಯ ತುಂಬ ಕೆಂಪು. ತಲೆ ಕೆಟ್ಟುಹೋಯಿತು. ಬಾಗಿಲು ಹಾಕುವ ಹೊತ್ತಿಗೆ ಇದೊಂದು ಬಾಕಿ ಇತ್ತು ಎಂದುಕೊಂಡು ಒಂದೊಂದೇ ಸಾಲು ಓದಿದೆ. ತಪ್ಪು ಸಿಕ್ಕಾಗ ನಾಚಿಕೆಯೂ ಆಯಿತು, ನಗುವೂ ಬಂತು. ನಾನು ಬರೆದ ಪರೀಕ್ಷೆ ಮಾತನ್ನು ಗಟ್ಟಿಯಾಗಿ ಆಡಿ ತೋರಿಸಬೇಕಿತ್ತು. ಉಗ್ರಾಣದ ಯಂತ್ರಗಳಿಗೆ ಸ್ಪೀಕರ್ ಎಲ್ಲಿಂದ ಬರಬೇಕು? ಯಾವುದೋ ದೇಶದ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಮೂಕ ಡಬ್ಬಗಳು ಅವು. ಅವುಗಳಿಗೆ ಊಟ ಆಯ್ತಾ ಎಂದು ಬಾಯಿಬಿಟ್ಟು ಕೇಳು ಎಂದರೆ ಏನು ಮಾಡಿಯಾವು? ಎದುರಿಗೆ ಕೇಳಿಸಿಕೊಳ್ಳುವವರೇ ಇಲ್ಲದ ಕಡೆ ಊಟ ಆಯ್ತಾ ಎಂದು ಕೇಳುವುದು ನಮ್ಮ ಕಡೆಯವರ ಊಹೆಗೇ ಬಾರದು. ದನಿಯನ್ನು ಸ್ಪೀಕರಿಗೆ ಬಿಡುವ ಬದಲು ಒಂದು ಫೈಲಿಗೆ ಬರೆದಿಟ್ಟು, ಆ ಫೈಲು ಖಾಲಿಯಿಲ್ಲ ತಾನೇ ಎಂದು ನೋಡುವ ಹಾಗೆ ಬದಲಾಯಿಸಿ ಮತ್ತೆ ಕಳಿಸಿದೆ.

ಉಗ್ರಾಣದ ಕಡೆಯಿಂದ ಅದನ್ನು ಪರಿಶೀಲಿಸಿದಾತ ಯಾವುದೋ ಚಳಿ ದೇಶದವನು. ಕನ್ನಡದ ಒಂದಕ್ಷರ ಬಾರದು. ಆದರೆ ಬಹಳ ಶ್ರದ್ಧೆಯವನು, ತನ್ನ ಮನೆಯ ಕಂಪ್ಯೂಟರಿನಲ್ಲಿ ಹಾಕಿ ಕೇಳಿದ್ದಾನೆ. ಎಲ್ಲ ಸರಿಯಿದೆ, ಒಪ್ಪಿಗೆ ಪತ್ರವೂ ಸರಿಯಿದೆ, ಆದರೆ ಪರೀಕ್ಷೆಯ ವಾಕ್ಯದ ಅರ್ಥವೇನು, ತಿಳಿಯದೆ ಒಳಗೆ ಬಿಡಲಾರೆ ಎಂದು ಬರೆದಿದ್ದ. ನಮ್ಮೂರಿನಲ್ಲಿ ಯಾರಾದರೂ ಎದುರಾದರೆ ಮೊದಲು ಹೀಗೆ ಕೇಳುತ್ತೇವೆ, ಉಂಡಿದ್ದೀರಾ ಎಂದು ಅರ್ಥ ಎಂದು ಉತ್ತರ ಬರೆದೆ. ಬಾಗಿಲು ಮುಚ್ಚುವ ಹಿಂದಿನ ದಿನ ಪ್ಯಾಕೇಜು ಒಳಗೆ ಸೇರಿದ ಸುದ್ದಿ ಬಂತು. ಅದರ ಕೆಳಗೆ ಆತ ತಾನು ಸಾರು ಮತ್ತು ಬ್ರೆಡ್ಡು ಉಂಡೆ, ಕೇಳಿದ್ದಕ್ಕೆ ವಂದನೆ ಎಂದು ಬರೆದಿದ್ದ. ಆವತ್ತು ನಾನು ಅಂಗಡಿಗೆ ಬಂದವರಿಗೆ ಕಾಫಿಯ ಜೊತೆ ವಡೆಯನ್ನೂ ತರಿಸಿದೆ.

ದೊಡ್ಡವ್ವನಿಗೆ ಫೋನು ಮಾಡಿ, ನಾಳೆ ಬಂದು ಹಾಕಿಕೊಡುತ್ತೇನೆ ಎಂದೆ. ಬೇಡ, ಎಲ್ಲರ ಹಾಗೆ ನಾನೇ ಗುಂಡಿ ಒತ್ತಿ ತರಿಸಿಕೊಳ್ಳುತ್ತೇನೆ, ಯಾವ ಗುಂಡಿ ಹೇಳು ಸಾಕು ಎಂದಳು. ಹೇಳಿದೆ. ಆ ಡಬ್ಬದೊಳಗಿನ ಗಂಡಸೇ ಗೊಣಗುತ್ತಾ ಅವಳಿಗೆ ದಾರಿ ತೋರಿಸಿದ. ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಗುಂಡಿಗಳ ಸದ್ದು. ಆಮೇಲೆ ಆ ದನಿ ಬಂತು, ನಿಂತು ನಿಂತು ಓದುವ ಅದೇ ದನಿ. ದೊಡ್ಡವ್ವ ನನಗೆ ಇಡ್ತೀನಿ ಎಂದೂ ಹೇಳದೆ ಫೋನು ಇಟ್ಟುಬಿಟ್ಟಳು. ಎರಡು ಅಧ್ಯಾಯ ಬಾಕಿ ಇತ್ತಲ್ಲ.

ಆಮೇಲೆ ಎರಡು ದಿನ ಅವಳ ಸುದ್ದಿಯಿಲ್ಲ. ಕೊಲೆ ಮಾಡಿದ್ದು ಯಾರು ಎಂದು ತಿಳಿಯುವ ಕುತೂಹಲ ನನಗೂ ಹತ್ತಿತ್ತು. ಪುಸ್ತಕವನ್ನು ಸ್ಕ್ಯಾನ್ ಮಾಡಿದವಳು ನಾನೇ, ಕೊನೆಯ ಪುಟ ನೋಡಬಹುದಿತ್ತು. ಆದರೆ ಇಷ್ಟೆಲ್ಲ ಆದಮೇಲೆ ಅದು ಮೋಸ ಅನ್ನಿಸಿ, ಅವಳ ಬಾಯಿಂದಲೇ ಕೇಳೋಣವೆಂದು ಭಾನುವಾರ ಮಳವಳ್ಳಿಗೆ ಹೋದೆ. ಸೊಸೆ ಬಾಗಿಲಲ್ಲೇ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು.

ಒಳಗೆ ಕಂಪ್ಯೂಟರ್ ಆರಿತ್ತು. ದೊಡ್ಡವ್ವ ಮಂಚದ ಮೇಲೆ ಕಾಲು ನೀಡಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಕತೆ ಹೇಳುತ್ತಿದ್ದಳು. ಮೊದಲಿನಿಂದ ಹೇಳುತ್ತಿದ್ದಳು. ಬಂಗಲೆಯ ಹಿಂದಿನ ಬಾಗಿಲು, ಒಡೆದ ಗಡಿಯಾರ, ಅಡುಗೆಯವನ ಕೈಮೇಲಿನ ಗಾಯ ಒಂದನ್ನೂ ಬಿಡದೆ, ಮಾತಿನ ತುಂಡಿಗೊಮ್ಮೆ ಚೂರು ನಿಲ್ಲಿಸಿ ಹೇಳುತ್ತಿದ್ದಳು. ಯಾರಿಗೆ ಎಂದು ನಾನು ಕೇಳುವ ಮೊದಲೇ ಗೊತ್ತಾಯಿತು.

"ನೀನೇ ಕಣವ್ವ ಇಷ್ಟುನ್ನೂ ಓದಿದ್ದು," ಅನ್ನುತ್ತಿದ್ದಳು ದೊಡ್ಡವ್ವ. "ನಿಂಗೇ ಕತೆ ಗೊತ್ತಿಲ್ಲ ಅಂದ್ರೆ ಎಂಗೆ? ಅದ್ಕೇ ಏಳ್ತಿರೋದು."

ಅವಳಿಗೆ ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳಿದ್ದ ದನಿ ಫೋನಿನೊಳಗಿಂದ ಆಸೆಯಿಂದ ಕೇಳಿತು.

"ಆಮೇಕೇನಾಯ್ತಕ್ಕ?"

"ತಡಿ, ಒಂದ್ ಗುಟ್ಕು ನೀರು ಕುಡ್ಕಂಡು ಏಳ್ತೀನಿ," ಎಂದು ದೊಡ್ಡವ್ವ ಲೋಟಕ್ಕೆ ಕೈ ಚಾಚಿದಳು. ನಾನು ಲೋಟವನ್ನು ಅವಳ ಕೈಗೆ ಕೊಟ್ಟು, ಸದ್ದಾಗದಂತೆ ಮಂಚದ ತುದಿಯಲ್ಲಿ ಕೂತುಕೊಂಡೆ.